ಮಾರ್ಜಾಲವೂ ಮಾನವನ ಹೊಣೆಯೂ

ಹಸುವನ್ನು ಹಾಲಿಗಾಗಿ, ಎತ್ತನ್ನು ನೇಗಿಲಿಗಾಗಿ, ಕುದುರೆಯನ್ನು ಸವಾರಿಗಾಗಿ ಮಾನವನು ಪಳಗಿಸಿದನು. ಬೆಕ್ಕಿನ ವೃತ್ತಾಂತ ಬೇರೆ. ಅದು ತಾನಾಗಿಯೇ ಮನುಷ್ಯನ ಬಾಗಿಲಿಗೆ ಬಂದಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಪಶ್ಚಿಮ ಏಷ್ಯಾದಲ್ಲಿ 10,000 ವರ್ಷಗಳಿಗೂ ಹಿಂದೆ ಜನರು ಬೇಸಾಯವನ್ನು ಕಲಿತು, ಒಂದೆಡೆ ನೆಲೆನಿಂತು, ಧಾನ್ಯವನ್ನು ಕೂಡಿಡತೊಡಗಿದರು. ಕಣಜವಿದ್ದಲ್ಲಿಗೆ ಇಲಿ ಬಂದಿತು. ಇಲಿಯ ಬೆನ್ನುಹತ್ತಿ ಕಾಡುಬೆಕ್ಕು ಬಂದಿತು. ಇಂದಿನ ಸಾಕುಬೆಕ್ಕುಗಳೆಲ್ಲವೂ ಆಫ್ರಿಕಾದ ಕಾಡುಬೆಕ್ಕೆಂದು ಹೆಸರಾದ ಜಾತಿಯ ಸಂತತಿಯೆಂದು 2007ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ತೋರಿಸಿತು.

ಈ ಸಹವಾಸದ ಅತಿ ಪ್ರಾಚೀನ ಕುರುಹುಗಳಲ್ಲೊಂದು ಸೈಪ್ರಸ್ ದ್ವೀಪದಲ್ಲಿ ದೊರೆತಿದೆ. ಅಲ್ಲಿನ ಶಿಲ್ಲುರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯಲ್ಲಿ ಒಬ್ಬ ವ್ಯಕ್ತಿಯ ಅಸ್ಥಿಯೂ, ಅದರ ಪಕ್ಕದಲ್ಲೇ ಪ್ರತ್ಯೇಕ ಗುಳಿಯಲ್ಲಿ ಒಂದು ಎಳೆಯ ಬೆಕ್ಕಿನ ಅಸ್ಥಿಯೂ ಇದ್ದವೆಂದು 2004ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ದ್ವೀಪಕ್ಕೆ ಬೆಕ್ಕು ಸಹಜವಾಗಿ ಸೇರಿದ ಪ್ರಾಣಿಯಲ್ಲ. ದೋಣಿಯಲ್ಲಿ ಯಾರೋ ಕೊಂಡೊಯ್ದಿರಬೇಕು. ಒಬ್ಬರನ್ನೊಬ್ಬರು ಬಂಧಿಸದೆ ಕೂಡಿ ಬಾಳಿದ ಕಾಲವದು.

ಮನುಷ್ಯನ ಆಸೆ ಬೆಳೆದಂತೆ ಈ ಸಂಬಂಧವೂ ಬದಲಾಯಿತು. ಮೊದಲು ಬಂದುದು ಪುಣ್ಯದ ಆಸೆ. ಪ್ರಾಚೀನ ಈಜಿಪ್ಟಿನಲ್ಲಿ ಬೆಕ್ಕು ಬಾಸ್ತೆತ್ ದೇವತೆಗೆ ಮೀಸಲಾದ ಪವಿತ್ರ ಜೀವಿ. ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಂಡು ಶೋಕಿಸುತ್ತಿದ್ದರೆಂದು ಕ್ರಿ.ಪೂ. 5ನೆಯ ಶತಮಾನದ ಹೆರೊಡೋಟಸ್ ಬರೆದಿದ್ದಾನೆ. ಕ್ರಿ.ಪೂ. 1ನೆಯ ಶತಮಾನದಲ್ಲಿ ಆ ದೇಶಕ್ಕೆ ಹೋಗಿದ್ದ ಡಿಯೊಡೋರಸ್ ತಾನು ಕಣ್ಣಾರೆ ಕಂಡುದನ್ನು ದಾಖಲಿಸಿದ್ದಾನೆ: ಒಬ್ಬ ರೋಮನ್ನನ ಕೈಯಿಂದ ಅರಿಯದೆ ಒಂದು ಬೆಕ್ಕು ಸತ್ತಿತು, ಜನರು ಅವನ ಮನೆಗೆ ನುಗ್ಗಿದರು, ರಾಜನ ಅಧಿಕಾರಿಗಳಾಗಲಿ ರೋಮಿನ ಭಯವಾಗಲಿ ಅವನನ್ನು ಉಳಿಸಲಾಗಲಿಲ್ಲ.

ಅದೇ ನಾಡಿನಲ್ಲಿ ಹರಕೆಗಾಗಿ ಬೆಕ್ಕಿನ ದೇಹಗಳನ್ನು ಬಟ್ಟೆಯಲ್ಲಿ ಸುತ್ತಿ ದೇವಾಲಯಗಳಿಗೆ ಅರ್ಪಿಸಲಾಗುತ್ತಿತ್ತು. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಅವುಗಳಲ್ಲಿ ಅನೇಕವು ವರ್ಷ ತುಂಬದ ಮರಿಗಳೆಂದೂ ಅವುಗಳ ಕತ್ತನ್ನು ಮುರಿಯಲಾಗಿತ್ತೆಂದೂ ತಿಳಿದುಬಂದಿತು. ಒಂದು ಬೆಕ್ಕಿಗಾಗಿ ಮನುಷ್ಯನನ್ನು ಕೊಂದ ಸಮಾಜವೇ ಭಕ್ತಿಯ ಹೆಸರಿನಲ್ಲಿ ಸಾವಿರಾರು ಮರಿಗಳನ್ನು ಕೊಂದಿತು. ಬೇನಿ ಹಸನ್ನಿನಲ್ಲಿ ದೊರೆತ ಅಂತಹ ದೇಹಗಳಲ್ಲಿ ಸುಮಾರು 19 ಟನ್ನುಗಳಷ್ಟನ್ನು 1890ರಲ್ಲಿ ಲಿವರ್‌ಪೂಲಿಗೆ ಸಾಗಿಸಿ ಗೊಬ್ಬರಕ್ಕೆಂದು ಮಾರಲಾಯಿತು. ಪೂಜ್ಯಭಾವವೊಂದೇ ದಯೆಯಾಗದು.

ಎರಡನೆಯದು ಧನದ ಆಸೆ. ಹನ್ನೆರಡನೆಯ ಶತಮಾನದ ಆಚಾರ್ಯ ಹೇಮಚಂದ್ರರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಶ್ರಾವಕನು ವರ್ಜಿಸಬೇಕಾದ ವೃತ್ತಿಗಳನ್ನು ಹೇಳುತ್ತ, ಹಣಕ್ಕಾಗಿ ಗಿಳಿ, ನಾಯಿ, ಬೆಕ್ಕು ಮುಂತಾದವುಗಳನ್ನು ಸಾಕುವುದನ್ನು ಅಸತೀಪೋಷಣದಲ್ಲಿ ಸೇರಿಸಿದ್ದಾರೆ. ಈ ಎಚ್ಚರಿಕೆಯ ಅರ್ಥ ಇಂದು ಇನ್ನಷ್ಟು ಸ್ಪಷ್ಟವಾಗುತ್ತದೆ. 1961ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಿವಿ ಮಡಿಚಿದ ಬೆಕ್ಕೊಂದು ಕಣ್ಣಿಗೆ ಬಿದ್ದಿತು. ಆ ಚೆಲುವಿಗೆ ಮರುಳಾಗಿ ಅದರ ಸಂತತಿಯನ್ನು ಬೆಳೆಸಿದರು. ಆದರೆ ಕಿವಿಯನ್ನು ಮಡಿಚುವ ದೋಷವೇ ಇಡೀ ದೇಹದ ಮೃದ್ವಸ್ಥಿಯನ್ನು ಕೆಡಿಸಿ ಕೀಲುಗಳಲ್ಲಿ ನೋವನ್ನು ತರುತ್ತದೆ. ಬ್ರಿಟನ್ನಿನ ಬೆಕ್ಕು ನೋಂದಣಿ ಸಂಸ್ಥೆಯು 1970ರ ದಶಕದ ಆರಂಭದಲ್ಲೇ ಈ ತಳಿಯ ನೋಂದಣಿಯನ್ನು ನಿಲ್ಲಿಸಿದರೂ ಅದರ ಮಾರಾಟ ಹಲವು ದೇಶಗಳಲ್ಲಿ ಮುಂದುವರಿಯಿತು. ಕೊಳ್ಳುವವನ ಕಣ್ಣಿಗೆ ಮುದ್ದಾಗಿ ಕಾಣುವುದೇ ಆ ಜೀವಿಗೆ ಜೀವಾವಧಿಯ ಬೇನೆ.

ಮೂರನೆಯದು ಅತಿ ಸೂಕ್ಷ್ಮವಾದುದು: ತನ್ನ ಶುದ್ಧಿಯನ್ನು ಕಾಪಾಡಿಕೊಳ್ಳುವ ಆಸೆ. ಬೆಕ್ಕನ್ನು ಮನೆಯೊಳಗಿಟ್ಟು ಹಾಲು ಅನ್ನವನ್ನಷ್ಟೇ ನೀಡಿ ಅದನ್ನೂ ಸಾತ್ವಿಕವಾಗಿಸಿದೆನೆಂದು ಸಂತೋಷಪಡುವವರುಂಟು. ಟಾರೀನ್ ಎಂಬ ವಸ್ತುವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಧಾನ್ಯಗಳಲ್ಲಿ ಅದು ಇಲ್ಲವೆನ್ನುವಷ್ಟು, ಹಸುವಿನ ಹಾಲಿನಲ್ಲಿ ಅತ್ಯಲ್ಪ. ಇದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಕೆಡುತ್ತದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿಯೂ ಸಂಶೋಧಕರು ತೋರಿಸಿದರು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಬಟ್ಟಲು ತುಂಬಿದ್ದರೂ ದೇಹಕ್ಕೆ ಬೇಕಾದುದು ಅದರಲ್ಲಿಲ್ಲದಿದ್ದರೆ ಅದೂ ನಿರೋಧವೇ.

ಬೆಕ್ಕು ಬೇಟೆಯಾಡುವುದು ಅದರ ದೇಹಧರ್ಮ. ಅದಕ್ಕೆ ವ್ರತವಿಲ್ಲ, ವ್ರತಭಂಗವೂ ಇಲ್ಲ. ವ್ರತವಿರುವುದು ಮನುಷ್ಯನಿಗೆ. ಅದರ ಆಹಾರವನ್ನು ಒದಗಿಸಲು ಮನಸ್ಸೊಪ್ಪದವನು ಅದನ್ನು ಬಾಗಿಲೊಳಗೆ ಕಟ್ಟಿಹಾಕದಿರುವುದೇ ಲೇಸು. ಈಗಾಗಲೇ ತಂದು ಸಾಕಿದವನಾದರೋ ಅದನ್ನು ಬೀದಿಗಟ್ಟದೆ, ಪಶುವೈದ್ಯರನ್ನು ಕೇಳಿ, ಕೃತಕವಾಗಿ ತಯಾರಿಸಿದ ಟಾರೀನ್ ಬೆರೆತ ಆಹಾರದಿಂದಾದರೂ ಅದರ ಕಣ್ಣನ್ನೂ ಹೃದಯವನ್ನೂ ಕಾಯಬೇಕು. ಇಲಿಯನ್ನರಸಿ ಬಂದ ಪ್ರಾಣಿಯು ದೇವತ್ವವನ್ನು ಬೇಡಲಿಲ್ಲ, ಮಡಿಚಿದ ಕಿವಿಯನ್ನು ಬೇಡಲಿಲ್ಲ, ಸಾತ್ವಿಕತೆಯನ್ನೂ ಬೇಡಲಿಲ್ಲ. ಅದು ಇದ್ದಂತೆಯೇ ಅದನ್ನು ಅರಿತು ನಡೆದುಕೊಳ್ಳುವುದೇ ಅದರ ಪಾಲಿನ ಅಹಿಂಸೆ.