ನಾಲ್ಕಡಿಯ ಕೆಳಗೆ

ಬೆಂಗಳೂರಿನಲ್ಲಿ ಬೆಳೆದವರಿಗೆ ಸಂಪು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹನುಮಂತನಗರದ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ಅಪರಾತ್ರಿಯಲ್ಲಿ ಬರುತ್ತಿತ್ತು. ಸಂಪಿನೊಳಗೆ ನೀರು ಬೀಳುವ ಸದ್ದಾದರೆ ಅಮ್ಮ ನಿದ್ದೆಗಣ್ಣಲ್ಲೇ "ಬಂತು" ಅಂದು ಮಗ್ಗುಲು ಬದಲಿಸುತ್ತಿದ್ದಳು.

ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವಾಗ ಏಜೆಂಟು ಬೇಸ್‌ಮೆಂಟಿನ ಮೂಲೆಯ ಗುಂಡಿ ತೋರಿಸಿ "ಇದು ಸಂಪು" ಎಂದ. ನನಗೆ ತವರಿನವರು ಸಿಕ್ಕಷ್ಟು ಖುಷಿ. ಎಷ್ಟು ಲೀಟರ್ ಹಿಡಿಯುತ್ತೆ ಅಂತ ಕೇಳಿಯೂಬಿಟ್ಟೆ. ಆತ ನನ್ನ ಮುಖವನ್ನೇ ನೋಡಿದ. ಅಲ್ಲಿನ ಸಂಪು ನೀರು ಕೂಡಿಡುವುದಕ್ಕಲ್ಲ, ಓಡಿಸುವುದಕ್ಕೆ. ಅಡಿಪಾಯದ ಸುತ್ತ ಒಸರುವ ನೀರು ಗುಂಡಿಗಿಳಿಯುತ್ತದೆ, ಮಟ್ಟ ಏರಿದರೆ ಒಂದು ತೇಲುಗುಂಡು ಮೇಲೆದ್ದು ಪಂಪನ್ನು ಎಬ್ಬಿಸುತ್ತದೆ, ಪಂಪು ಅಷ್ಟನ್ನೂ ಅಂಗಳಕ್ಕೆ ಉಗುಳುತ್ತದೆ. ಅದಕ್ಕೆ ಕರೆಂಟು ಬೇಕಲ್ಲ! ಜೋರು ಮಳೆ ಬಂದರೆ ಕರೆಂಟು ಹೋಗುತ್ತದೆ ಎಂಬುದು ಕರ್ನಾಟಕದ ಎಳೆಮಕ್ಕಳಿಗೂ ಗೊತ್ತು. ನಾನು ವಿಮಾನ ಹತ್ತಿದ ಮೇಲೆ ಮರೆತಿದ್ದೆ.

2021ರ ಸೆಪ್ಟೆಂಬರ್ 1, ಬುಧವಾರ. ಮೂರು ದಿನದ ಹಿಂದೆ ಲೂಸಿಯಾನಾಕ್ಕೆ ಅಪ್ಪಳಿಸಿದ್ದ ಐಡಾ ಚಂಡಮಾರುತದ ಬಾಲ ನಮ್ಮ ಕಡೆ ಬೀಸಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಗೆ 3.15 ಇಂಚು ಮಳೆ; ನಮ್ಮ ನೆವಾರ್ಕಿನಲ್ಲಿ ಒಂದು ದಿನಕ್ಕೆ 8 ಇಂಚಿಗೂ ಮೇಲೆ. ಕ್ವೀನ್ಸ್‌ನಲ್ಲಿ ಬೇಸ್‌ಮೆಂಟುಗಳಲ್ಲಿ ವಾಸವಿದ್ದ ಜನ ಅಲ್ಲೇ ಸಿಕ್ಕಿಕೊಂಡು ಸತ್ತರು. ಅದನ್ನು ನೆನೆದರೆ ನನ್ನ ಸೋಫಾದ ಕಥೆ ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ಟಾರ್ಚು ಬಿಟ್ಟರೆ ಮೊಣಕಾಲುದ್ದ ಕಂದು ನೀರು. ಖಾಲಿ ಸೂಟ್‌ಕೇಸುಗಳು ದೋಣಿವಿಹಾರ ಹೊರಟಿದ್ದವು. ಹಾರ್ಮೋನಿಯಂ ಒಂದು ಕಡೆ ವಾಲಿತ್ತು. ಸೋನಾಮಸೂರಿ ಚೀಲ ಮಾತ್ರ ಅಲ್ಲಾಡದೆ ಕೂತು ತನ್ನ ಪಾಡಿಗೆ ನೆನೆಯುತ್ತಿತ್ತು. ಹಬ್ಬ 10ನೇ ತಾರೀಕಿಗೆ. ಆಮೇಲೆ ಸಿಗುತ್ತೋ ಇಲ್ಲವೋ ಎಂದು ಮುಂಚೆಯೇ ತಂದಿಟ್ಟಿದ್ದ ಮಣ್ಣಿನ ಗಣಪ ಪ್ರಾಣಪ್ರತಿಷ್ಠೆಗೂ ಕಾಯದೆ ವಿಸರ್ಜನೆ ಮುಗಿಸಿಕೊಂಡಿದ್ದ. ಕಡುಬೂ ತಿನ್ನದೆ ಹೋದನಲ್ಲ ಎಂದು ಹೆಂಡತಿಗೆ ಸಂಕಟ. ಪೀಠದ ಮೇಲೆ ಇಲಿ ಒಂದೇ ಉಳಿದಿತ್ತು.

ಇನ್ಶೂರೆನ್ಸಿನವರದು ಒಂದೇ ಪ್ರಶ್ನೆ: ನೀರು ಮೇಲಿಂದ ಬಂತೋ, ಕೆಳಗಿಂದಲೋ? ಪೈಪು ಒಡೆದು ಬಂದಿದ್ದರೆ ಮಾತು ಬೇರೆ, ನೆರೆ ನೀರಾದರೆ ಮಾಮೂಲಿ ಪಾಲಿಸಿಯಲ್ಲಿ ಕಾಸಿಲ್ಲ. ಅದಕ್ಕೆ 1968ರಿಂದ ಕೇಂದ್ರ ಸರ್ಕಾರದ ಬೇರೆಯೇ ವಿಮೆ ಇದೆ. ಪಕ್ಕದ ಮನೆಯವರು ಮಾಡಿಸಿದ್ದರು. ಅವರ ಕಾಗದ ಓದಿ ನನಗೆ ಅರ್ಧ ಸಮಾಧಾನವಾಯಿತು. ಬೇಸ್‌ಮೆಂಟಿನಲ್ಲಿ ಫ್ರೀಜರಿಗೂ ಅದರೊಳಗಿನ ಆಹಾರಕ್ಕೂ ಪರಿಹಾರ ಉಂಟು, ಸೋಫಾಕ್ಕಿಲ್ಲ, ಕಾರ್ಪೆಟ್ಟಿಗಿಲ್ಲ. ಅಂದರೆ ತೆಂಗಿನತುರಿಗೆ ಇರುವ ಬೆಲೆ ಕೂತುಕೊಳ್ಳುವವನಿಗಿಲ್ಲ.

ರಿಪೇರಿಗೆ ಬಂದವನು ಈಕ್ವೆಡಾರಿನ ಮೇಸ್ತ್ರಿ. ಡ್ರೈವಾಲ್ ಎಂಬುದು ಗೋಡೆಯೇ ಅಲ್ಲ, ಒಂದು ಬಗೆಯ ಹೋಳಿಗೆ: ಹೊರಗೆ ಕಾಗದದ ಕಣಕ, ಒಳಗೆ ಜಿಪ್ಸಮ್ ಹೂರಣ. ಅಡಿಯಲ್ಲಿ ತೇವ ತಗುಲಿದರೆ ದೀಪದ ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು. ಅವನು ಟೇಪು ಹಿಡಿದು, ಸುತ್ತಲೂ ನೆಲದಿಂದ ಸರಿಯಾಗಿ ನಾಲ್ಕಡಿಗೆ ಗೆರೆ ಹೊಡೆದು ಕೊಯ್ದ. ಹೊಸ ಹಲಗೆಯ ಅಗಲವೂ ನಾಲ್ಕೇ ಅಡಿ. ಅಡ್ಡ ಮಲಗಿಸಿದರೆ ಕೂತುಬಿಡುತ್ತದೆ. ಅಚ್ಚುಕಟ್ಟು ಕೆಲಸ ಎಂದು ಬೆನ್ನು ತಟ್ಟಿದೆ.

ಕಸದ ಡಬ್ಬ ಹೊತ್ತ ಲಾರಿ ಹೋದ ಮಾರನೇ ದಿನ ಮಗಳು ಕೆಳಗಿಳಿದವಳು ಕೇಳಿದಳು: "ನನ್ನ ಗೆರೆಗಳೆಲ್ಲಿ?"

ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಅವಳ ಎತ್ತರದ ಗುರುತುಗಳಿದ್ದವು. ಅಮ್ಮ ಆರು ತಿಂಗಳಿಗೆಂದು ಬಂದಾಗಲೆಲ್ಲ ಮೊಮ್ಮಗಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಪಂಚಾಂಗವಿಟ್ಟು, ಪೆನ್ಸಿಲಿನಲ್ಲಿ ಗೀಚಿ, ಪಕ್ಕದಲ್ಲಿ ಕನ್ನಡ ಅಂಕಿಯಲ್ಲಿ ತಾರೀಕು ಬರೆಯುತ್ತಿದ್ದಳು. ಮಗು ಏಳು ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕಡಿ ಮುಟ್ಟುತ್ತದೆ. ಇವಳು ಮುಟ್ಟಿದ ವರ್ಷ ಅಮ್ಮ ಹೋದಳು. ನಾಲ್ಕಡಿಯಿಂದ ಮೇಲಿನ ಗೆರೆಗಳು ನನ್ನವು. ಟೇಪು ಹಿಡಿದು ಬಾಲ್‌ಪೆನ್ನಿನಲ್ಲಿ ಎಳೆದವು. ಅವೆಲ್ಲ ಸುರಕ್ಷಿತವಾಗಿವೆ.

ಇನ್ನು ಅಲಂಕಾರದ ವಿಷಯ. ನೆಲಕ್ಕೆ ನೀರಿಗೆ ಹೆದರದ ವಿನೈಲ್ ಹಲಗೆ, ಕಬ್ಬಿಣದ ರ‍್ಯಾಕು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ. ಇನ್ನು ಕೆಳಗೆ ಬೇಡದ ಒಂದು ಕಡ್ಡಿಯೂ ಹೋಗಕೂಡದೆಂದು ಹೆಂಡತಿಯ ಆಜ್ಞೆ. ಊರಿನ ಅಜ್ಜಿಮನೆಯಲ್ಲಿ ಬೇಡದ್ದೆಲ್ಲ ಅಟ್ಟ ಹತ್ತುತ್ತಿತ್ತು, ಇಲ್ಲಿ ಪಾತಾಳಕ್ಕಿಳಿಯುತ್ತದೆ, ದಿಕ್ಕು ಬೇರೆ, ರೋಗ ಒಂದೇ. ಆಜ್ಞೆಯಾಗಿ ಎಂಟು ತಿಂಗಳಿಗೆ ಮೊದಲ ಕುಕ್ಕರ್ ಡಬ್ಬ ಇಳಿಯಿತು. ಇಳಿಸಿದ್ದು ಆಜ್ಞೆ ಹೊರಡಿಸಿದವರೇ. ಟೆಕ್ಸಸಿಗೆ ಹೊರಟ ಸ್ನೇಹಿತರು ತಮ್ಮ ಸೋಫಾ ದಾನ ಮಾಡಿದರು, ಮೊದಲಿನದಕ್ಕಿಂತ ಕುರೂಪಿ. ಹಾರ್ಮೋನಿಯಂ ಎಸೆಯಲಾಗಲಿಲ್ಲ. ಅದರ ಒಂದು ಮಣೆ ಉಬ್ಬಿ ಕಚ್ಚಿಕೊಂಡಿದೆ, ತಿದಿ ಒತ್ತಿದರೆ ಯಾವ ರಾಗಕ್ಕೂ ಪಂಚಮ ಬಿಡದು.

ಸಂಪಿಗೆ ಈಗ ಬ್ಯಾಟರಿಯ ಇನ್ನೊಂದು ಪಂಪಿದೆ. ಮಳೆಯ ರಾತ್ರಿ ಅದು ಗುರ್ ಎಂದು ಎದ್ದರೆ ನಿದ್ದೆಗಣ್ಣಲ್ಲೇ "ಹೋಯ್ತು" ಅಂದು ಮಗ್ಗುಲು ಬದಲಿಸುತ್ತೇನಂತೆ, ಹೆಂಡತಿ ಹೇಳಿದ್ದು.

ನಿಮ್ಮ ಮನೆಯಲ್ಲೂ ಇಂಥ ಗುಂಡಿಯಿದ್ದರೆ ಇವತ್ತೇ ಒಂದು ಬಕೆಟ್ ನೀರು ಸುರಿದು ಪಂಪು ಏಳುತ್ತದೆಯೇ ನೋಡಿ. ಗಣಪನನ್ನು ದಯವಿಟ್ಟು ಮಹಡಿಯ ಮೇಲಿಡಿ.