ಕಲಬೆರಕೆ ಜೀಪು

ಕಾರ್ಖಾನೆಯಿಂದ ಬಂದ ಗಾಡಿ ಕೆಟ್ಟರೆ ಯಾವುದೋ ಒಂದು ಭಾಗ ಸವೆದಿರುತ್ತದೆ, ಬದಲಿಸಿದರೆ ಮುಗಿಯಿತು. ಮನೆಯಲ್ಲೇ ಕಟ್ಟಿಕೊಂಡ ಗಾಡಿಯ ಸಂಕಟ ಬೇರೆ. ಭಾಗಗಳೆಲ್ಲ ಗಟ್ಟಿಮುಟ್ಟಾಗಿಯೇ ಇರುತ್ತವೆ. ಬೀಗರು ಬೀಗರ ಹಾಗೆ, ಸೇರಿದ ಕಡೆಯಲ್ಲೇ ಜಗಳ.

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ಓಡಾಡುವ ಜೀಪು ಇಂಥದ್ದು. ಚಾಸಿ, ಬಾಡಿ, ಗೇರ್‌ಬಾಕ್ಸ್ ಅಪ್ಪನ ಕಾಲದ ವಿಲ್ಲಿಸ್ 3ಬಿಯವು. ಹಳೆಯ ಜೀಪುಗಳಲ್ಲಿ ವಾಲ್ವ್‌ಗಳೆಲ್ಲ ಎಂಜಿನ್ನಿನ ಪಕ್ಕದಲ್ಲಿದ್ದವು. ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ತಲೆಯ ಮೇಲೇರಿ ಕೂತಿತು, 1953ರ 3ಬಿಯಲ್ಲಿ ಅದರ ಜೊತೆಗೆ ಬಾನೆಟ್ಟೂ ಮೇಲೇರಿತು. ಅದರ ಪೆಟ್ರೋಲ್ ಕುಡಿತಕ್ಕೆ ಬೇಸತ್ತು ಅಪ್ಪ ಜೀಪನ್ನು ಶೆಡ್ಡಿಗೆ ತಳ್ಳಿಸಿದ್ದರು. ನಾನು ಶಿವಾಜಿನಗರದ ಗುಜರಿಯಿಂದ ಪೆಜೋ ಡೀಸೆಲ್ ಎಂಜಿನ್ ತಂದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಲೇತ್ ಅಂಗಡಿಯಲ್ಲಿ ಕಡೆಸಿದ ಕಬ್ಬಿಣದ ಪ್ಲೇಟು.

ಇದನ್ನು ಕಂಡು ಮೂಗು ಮುರಿಯುವ ಜೀಪ್ ಭಕ್ತರಿದ್ದಾರೆ. ಅವರಿಗೆ ನಾನು ಬ್ಯಾಂಟಮ್ ಕತೆ ಹೇಳುತ್ತೇನೆ. 1940ರಲ್ಲಿ ಅಮೆರಿಕದ ಸೇನೆ ನಲವತ್ತೊಂಬತ್ತೇ ದಿನದಲ್ಲಿ ಮಾದರಿ ಗಾಡಿ ತನ್ನಿ ಎಂದಾಗ, ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಬಡಪಾಯಿ ಕಂಪನಿ ಒಪ್ಪಿಕೊಂಡಿತು. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡು ದಿನದಲ್ಲಿ ನಕ್ಷೆ ಬರೆದ. ಎಂಜಿನ್ ಕಾಂಟಿನೆಂಟಲ್‌ನದು, ಗೇರ್‌ಬಾಕ್ಸ್ ವಾರ್ನರ್‌ನದು. ಆಕ್ಸಲ್ ಸ್ಪೈಸರ್‌ನದು, ಅದೂ ಸ್ಟುಡೆಬೇಕರ್ ಕಾರಿನದನ್ನು ತಿದ್ದಿದ್ದು. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಇರುವಾಗ, ಗಾಡಿ ಹೋಲಬರ್ಡ್ ಶಿಬಿರದ ಗೇಟಿಗೆ ಬಂತು. ಜೀಪುಗಳ ಮೂಲಪುರುಷನೇ ಕಲಬೆರಕೆ! ಆದರೆ ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ನನ್ನದು ತೋಟದ ಗೇಟು ದಾಟುವುದಿಲ್ಲ.

ಒಳಗೇ ಸಾಕಷ್ಟು ರಗಳೆ ಇದೆ. ಮೊದಲು ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿಯಿತು. ನಟ್ಟು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದರೆ ಅದು ಗುಣವಾಗುತ್ತದೆ. ಸ್ಟೀರಿಂಗ್ ನಡುಕ ಹಾಗಲ್ಲ. ತೋಟದ ಒಂದೇ ಒಂದು ನೇರ ದಾರಿಯಲ್ಲಿ ತುಸು ವೇಗ ಹಿಡಿದು ಚಕ್ರ ಗುಂಡಿಗೆ ಬಿತ್ತೋ, ಮುಂದಿನ ಎರಡೂ ಚಕ್ರಗಳಿಗೆ ಸನ್ನಿ. ನಿಲ್ಲಿಸಿದ ಮೇಲೂ ಕೈ ನಡುಗುತ್ತಿರುತ್ತದೆ. ಹೊಸ ಟೈರು ಹಾಕಿಸಿದೆ, ಟೈ ರಾಡ್ ಎಂಡ್ ಬದಲಿಸಿದೆ, ಜಗ್ಗಲಿಲ್ಲ.

“ಸಾರ್, ಸಾಮಾನೆಲ್ಲ ಸರಿಯಿದೆ. ಸಂದು ನೋಡ್ಬೇಕು” ಎಂದರು ನಮ್ಮ ಮೇಸ್ತ್ರಿ. ಚಕ್ರ ತಿರುಗುವ ಕಿಂಗ್‌ಪಿನ್ನಿನ ಮುಚ್ಚಳದಡಿ ಕಾಗದದಷ್ಟು ತೆಳುವಾದ ಶಿಮ್‌ಗಳಿರುತ್ತವೆ. ಅವು ಹೆಚ್ಚಾದರೆ ಬೇರಿಂಗ್ ಸಡಿಲವಾಗಿ ನಡುಕ, ಕಡಿಮೆಯಾದರೆ ಸ್ಟೀರಿಂಗ್ ಬಿಗಿ. ಹದ ತಿಳಿಯಲು ಸ್ಟೀರಿಂಗ್ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು. ಹಳೇ ಪೇಪರ್ ಕೊಳ್ಳುವವನ ತಕ್ಕಡಿಯನ್ನೇ ಇಸಿದುಕೊಂಡೆವು. ಒಂದೊಂದೇ ಶಿಮ್ ತೆಗೆದು, ಎಳೆದು, ಮತ್ತೆ ತೆಗೆದು, ಸಂಜೆಯ ಹೊತ್ತಿಗೆ ಚಕ್ರಗಳ ಸನ್ನಿ ಇಳಿಯಿತು.

ಈಗ ಎರಡನೇ ಗೇರು ಇಳಿಜಾರಿನಲ್ಲಿ ತಾನಾಗಿ ಕಳಚಿಕೊಳ್ಳುತ್ತಿದೆ. ನಾನು ಗೇರ್‌ಬಾಕ್ಸ್ ಬಿಚ್ಚೋಣ ಎಂದೆ. ಮೇಸ್ತ್ರಿ ತಲೆಯಾಡಿಸಿ, ಲೇತ್‌ನಲ್ಲಿ ಕಡೆಸಿದ ಆ ಪ್ಲೇಟಿನ ಕಡೆ ಬೆರಳು ತೋರಿಸಿದರು. ಅದು ಕೂದಲೆಳೆಯಷ್ಟು ಓರೆಯಾಗಿದ್ದರೂ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ನೇರದಲ್ಲಿ ಕೂರುವುದಿಲ್ಲ, ಗೇರು ಜಾರುತ್ತದಂತೆ. ಎಂಜಿನ್ ಮತ್ತೆ ಕೆಳಗಿಳಿಯಬೇಕು. ಚೈನ್ ಪುಲ್ಲಿ ಹೇಳಿಟ್ಟಿದ್ದೇವೆ.