ಔಷಧಿ ಚೀಲ ನಮ್ಮ ಹೆಗಲ ಮೇಲಿತ್ತು



ಆಗಸ್ಟ್ 29ಕ್ಕೆ ವೇಳಾಂಕಣ್ಣಿಯಲ್ಲಿ ಧ್ವಜಾರೋಹಣ, ಸೆಪ್ಟೆಂಬರ್ 8ಕ್ಕೆ ಮಾತೆಯ ಹಬ್ಬ. ಈ ವರ್ಷವೂ ಕೊಳತ್ತೂರಿನಿಂದ ನಡೆದು ಹೋಗುವವರು ಹೆಸರು ಕೊಡುತ್ತಿದ್ದಾರೆ. ಹೋದ ವರ್ಷದ ಪಾದಯಾತ್ರೆಯಲ್ಲಿ ನಾವು ಮಾಡಿದ ಒಂದು ತಪ್ಪನ್ನು, ಈ ಸಲ ಹೊರಡುವ ಮುಂಚೆ ನಿಮ್ಮ ಮುಂದೆ ಹೇಳಿಬಿಡಬೇಕು.

ಬಿಎಸ್ಸಿ ಓದಿದವರು ಅನ್ನುವ ಒಂದೇ ಕಾರಣಕ್ಕೆ ಔಷಧಿ ಚೀಲ ನಮ್ಮ ಪಾಲಿಗೆ ಬಂದಿತ್ತು. ಬ್ಯಾಂಡೇಜು, ಓಆರ್‌ಎಸ್, ಪ್ಯಾರಾಸಿಟಮಾಲ್, ಜೊತೆಗೆ ಡೈಕ್ಲೋಫೆನಾಕ್. ಕೊನೆಯದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಮಾತ್ರೆ. ಕೇಳಿದ ಕೂಡಲೇ ಸಿಕ್ಕಿತು, ನಾವೂ ತಂದೆವು.

ಮೂರನೆಯ ದಿನ ನಾಮಕ್ಕಲ್ ಹತ್ತಿರ ಬಿಸಿಲು ಜೋರಾಗಿತ್ತು. ನಮ್ಮ ದೊಡ್ಡಪ್ಪ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂತುಬಿಟ್ಟರು. “ಎರಡೂ ತೊಡೆ ಬಿಗಿದುಕೊಂಡೈತೆ ಮಗಾ, ಮಾತ್ರೆ ಏನಾದ್ರೂ ಐತಾ?” ಅಂದರು. ಒಂದು ಡೈಕ್ಲೋಫೆನಾಕ್ ಕೊಟ್ಟೆವು. ರಾತ್ರಿ ಇನ್ನೊಂದು, ಬೆಳಿಗ್ಗೆ ಮತ್ತೊಂದು. ನೋವು ಇಳಿಯಿತು, ಅವರು ನಡೆದರು. ನಮಗೆ ಹೆಮ್ಮೆಯೇ ಆಯಿತು ಅನ್ನಿ. ಮಾರನೆಯ ಸಂಜೆ ಅವರು ಪಕ್ಕಕ್ಕೆ ಕರೆದು, ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ಬರುತ್ತಿದೆ ಎಂದು ಮೆಲ್ಲಗೆ ಹೇಳಿದರು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, ದಿನಾ ಏನು ಮಾತ್ರೆ ತಗೋತಾರೆ ಅಂತ. ನಮಗೆ ಗೊತ್ತಿರಲಿಲ್ಲ. ದೊಡ್ಡಪ್ಪ “ಕೊಳುಪ್ಪು ಮಾತ್ತಿರೈ” ಅಂದರು. ನಮ್ಮ ಕಡೆಯ ಪಾಡು ನಿಮಗೇ ಗೊತ್ತಲ್ಲ. ಮನೆಯಲ್ಲಿ ಕನ್ನಡ, ಔಷಧಿ ಅಂಗಡಿಯಲ್ಲಿ ತಮಿಳು, ಮಾತ್ರೆ ಪಟ್ಟಿಯ ಮೇಲೆ ಇಂಗ್ಲಿಷ್. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅವರು ಅಟೋರ್ವಾಸ್ಟಾಟಿನ್, ಆಸ್ಪಿರಿನ್ ಮತ್ತು ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದರೆಂದು ದೊಡ್ಡಮ್ಮನಿಗೆ ಫೋನ್ ಮಾಡಿ, ಪಟ್ಟಿಯ ಫೋಟೊ ತರಿಸಿಕೊಂಡ ಮೇಲೆ ತಿಳಿಯಿತು.

ಸ್ಟಾಟಿನ್ ಕೊಲೆಸ್ಟರಾಲ್ ಇಳಿಸಿ ಹೃದಯಾಘಾತವನ್ನು ತಡೆಯುವ ಒಳ್ಳೆಯ ಔಷಧಿ. ಆದರೆ ಕೆಲವರಿಗೆ ಅದರಿಂದ ಮಾಂಸಖಂಡ ನೋಯುತ್ತದೆ, ಅಪರೂಪಕ್ಕೆ ಮಾಂಸಖಂಡವೇ ಒಡೆಯುತ್ತದೆ. ಹಾಗೆ ಒಡೆದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಏಟು ಹಾಕುತ್ತದೆ. ಅಭ್ಯಾಸವಿಲ್ಲದ ಕಾಲ್ನಡಿಗೆ, ನೀರು ಸಾಲದ ಬಿಸಿಲು ಅದಕ್ಕೆ ದಾರಿ ಮಾಡಿಕೊಡುತ್ತವೆ. ದೊಡ್ಡಪ್ಪನ ತೊಡೆ ಕೂಗಿ ಹೇಳುತ್ತಿದ್ದದ್ದು ಅದನ್ನೇ. ನಾವು ಅದರ ಬಾಯಿ ಮುಚ್ಚಿಸಿ ಇನ್ನೊಂದು ದಿನ ನಡೆಸಿದೆವು. ಸಾಲದ್ದಕ್ಕೆ ಡೈಕ್ಲೋಫೆನಾಕ್ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ದನಕ್ಕೆ ಕೊಟ್ಟ ಇದೇ ಔಷಧಿ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಸಾಲಾಗಿ ಸಾಯಿಸಿತೆಂದು 2006ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ನಿಷೇಧಿಸಿದರು. ಮನುಷ್ಯ ಹದ್ದಲ್ಲ, ಒಂದು ಮಾತ್ರೆಗೆ ಏನೂ ಆಗದು ಎನ್ನಬಹುದು. ಆದರೆ ಹೃದ್ರೋಗಿಗಳಿಗೆ ಅದು ಬೇಡವೆಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿತ್ತು.

ಸಿಪಿಕೆ ಅನ್ನುವ ರಕ್ತಪರೀಕ್ಷೆಯಲ್ಲಿ ಅಂಕಿ ಬಹಳ ಏರಿತ್ತು. ಎರಡು ದಿನ ಡ್ರಿಪ್ ಹಾಕಿದರು. ದೇವರ ದಯೆಯಿಂದ ಮೂತ್ರಪಿಂಡ ಉಳಿಯಿತು.

ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಬೈಯಲಿಲ್ಲ, ಕೂರಿಸಿಕೊಂಡು ಹೇಳಿದರು. ಸ್ಟಾಟಿನ್ ತೆಗೆದುಕೊಳ್ಳುವವರಿಗೆ ಸಾಮಾನ್ಯ ತಲೆನೋವು, ಮಂಡಿನೋವಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಅದೂ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಮಾತ್ರೆಯಾದರೆ ಆರಕ್ಕೇ ಆ ಮಿತಿ ಬಂತು. ವಯಸ್ಸಾದವರಿಗೆ, ಸಣಕಲು ದೇಹದವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಯಲ್ಲೂ ಅದೇ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ಗಳಿಗೆ ಸ್ಟಾಟಿನ್ ಜೊತೆ ನೇರ ಜಗಳ ಅಷ್ಟಿಲ್ಲ. ಆದರೆ ಸ್ಟಾಟಿನ್ ಒಂದನ್ನೇ ತೆಗೆದುಕೊಳ್ಳುವವರು ಎಷ್ಟು ಜನ? ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಐಬುಪ್ರೊಫೆನ್ ಆಸ್ಪಿರಿನ್‌ನ ಕೆಲಸಕ್ಕೇ ಅಡ್ಡ ಬರಬಹುದು. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಎರಡೂ ಇದ್ದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊರೆ.

ಹೊಸದಾಗಿ ಎರಡೂ ತೊಡೆ ಅಥವಾ ತೋಳು ನೋಯತೊಡಗಿದರೆ, ಸುಸ್ತಾದರೆ, ಮೂತ್ರ ಕಪ್ಪಾದರೆ ನೋವಿನ ಮಾತ್ರೆ ಹುಡುಕುವ ಹೊತ್ತಲ್ಲ ಅದು, ಆಸ್ಪತ್ರೆಗೆ ಹೋಗುವ ಹೊತ್ತು. ಹಾಗಂತ ಈ ಬರಹ ಓದಿ ಯಾರೂ ನಾಳೆಯಿಂದ ಕೊಬ್ಬಿನ ಮಾತ್ರೆ ಬಿಡಬೇಡಿ! ಸ್ಟೆಂಟ್ ಇರುವವರು ತಾವಾಗಿ ಬಿಟ್ಟರೆ ಅದೇ ದೊಡ್ಡ ಅಪಾಯ. ದೊಡ್ಡಪ್ಪನಿಗೂ ಕೆಲವು ವಾರ ನಿಲ್ಲಿಸಿ, ರಕ್ತಪರೀಕ್ಷೆ ಸರಿಯಾದ ಮೇಲೆ ಕಡಿಮೆ ಪ್ರಮಾಣದಲ್ಲಿ ಬೇರೆ ಸ್ಟಾಟಿನ್ ಶುರುಮಾಡಿದ್ದಾರೆ.

ಈ ಸಲ ಹೆಸರು ಬರೆಸುವಾಗಲೇ ಮಾತ್ರೆ ಪಟ್ಟಿಗಳನ್ನೂ ತನ್ನಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. 2021ರಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಬಿಪಿ, ಸಕ್ಕರೆ ಮಾತ್ರೆ ಮನೆ ಬಾಗಿಲಿಗೇ ಬರುತ್ತಿದೆಯಲ್ಲ, ತರುವ ಅಕ್ಕನಿಗೆ ಮನೆಯಲ್ಲಿರುವ ಬೇರೆ ಮಾತ್ರೆಗಳನ್ನೂ ತೋರಿಸಿ. ಹೋದ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಬೇರೆ ಬೇರೆ ಅಂಗಡಿಯ ಮೂರು ನೋವಿನ ಮಾತ್ರೆ, ಮೂರರಲ್ಲೂ ಇದ್ದದ್ದು ಅಸೆಕ್ಲೋಫೆನಾಕ್.

ಚೀಲ ಈ ವರ್ಷವೂ ನಮ್ಮದೇ. ಡೈಕ್ಲೋಫೆನಾಕ್ ತೆಗೆದಿದ್ದೇವೆ, ಓಆರ್‌ಎಸ್ ಎರಡು ಪಾಲು ಹಾಕಿದ್ದೇವೆ. ದೊಡ್ಡಪ್ಪ ಮೊದಲ ದಿನವೇ ಹೆಸರು ಬರೆಸಿದ್ದಾರೆ. ನಡೆಯುವುದು ಬೇಡ ಎಂದಿದ್ದಾರೆ ಡಾಕ್ಟರು, ಸಾಮಾನು ವ್ಯಾನಿನಲ್ಲಿ ಮುಂದಿನ ಸೀಟು ಅವರಿಗೆ. ತಂಜಾವೂರು ದಾಟಿದ ಮೇಲಾದರೂ ಇಳಿದು ನಡೆಯುತ್ತೇನೆ ಎಂದು ಈಗಲೇ ಜಗಳ ತೆಗೆದಿದ್ದಾರೆ.